ತೂಕಕ್ಕೆ ಬಾರದ ತುತ್ತು

ಊರ ಅಂಚಿನಲ್ಲಿ ಗೋದಾಮುಗಳ ಸಾಲು ಮುಗಿಯುವ ಕಡೆ ಒಂದು ವೇಬ್ರಿಜ್ ಇದೆ. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ. ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತವನು ತೂಕ ನೋಡಿ ಚೀಟಿ ಹರಿದು ಕೊಡುತ್ತಾನೆ. ತುಂಬಿದ ಲಾರಿಗೆ ಒಂದು ತೂಕ, ಸರಕು ಇಳಿಸಿ ಬಂದ ಮೇಲೆ ಖಾಲಿ ಲಾರಿಗೆ ಇನ್ನೊಂದು. ಎರಡರ ನಡುವಿನ ವ್ಯತ್ಯಾಸವೇ ಸರಕು. ಇಷ್ಟೇ ಕೆಲಸ. ಮೀಸೆ ಚಿಗುರಿದ ಕಾಲದಿಂದ ಹಿಡಿದು ಅದು ನೆರೆಯುವವರೆಗೂ ಇದನ್ನೇ ಮಾಡಿದ ಮನುಷ್ಯ ಏನಾಗುತ್ತಾನೆ ಎಂದು ತಿಳಿಯಬೇಕಿದ್ದರೆ ತೂಕದಣ್ಣನನ್ನು ನೋಡಬೇಕು.

ಆ ಹೆಸರಿಟ್ಟವರು ಲಾರಿ ಡ್ರೈವರುಗಳು. ಅದರಲ್ಲಿ ಅರ್ಧ ಪ್ರೀತಿ, ಅರ್ಧ ಹೊಟ್ಟೆಯುರಿ. ಯಾಕೆಂದರೆ ಅವನ ಹತ್ತಿರ ಯಾರ ಬೇಳೆಯೂ ಬೇಯುತ್ತಿರಲಿಲ್ಲ. ಒಂದು ಚಕ್ರವನ್ನು ಉಪಾಯವಾಗಿ ಹಾಸಿನ ಅಂಚಿನಾಚೆ ನಿಲ್ಲಿಸಿದರೆ ತೂಕ ಕಡಿಮೆ ಬರುತ್ತದೆ ಎಂಬುದು ಆ ದಂಧೆಯಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಹಾಗಾಗಿ ತೂಕದಣ್ಣ ಪ್ರತಿ ಲಾರಿಗೂ ಕುರ್ಚಿ ಬಿಟ್ಟೆದ್ದು, ಹೊರಗೆ ಬಂದು, ಲಾರಿಗೆ ಒಂದು ಸುತ್ತು ಹಾಕುತ್ತಿದ್ದ.

“ಅಣ್ಣಾ, ಮಳೆ ಹೊಡೀತಿದೆ, ಕೂತಲ್ಲೇ ಚೀಟಿ ಕೊಟ್ಬಿಡು” ಎಂದು ಡ್ರೈವರು ಮೇಲಿನಿಂದ ಕೂಗಿದರೆ, “ಮಳೆ ನನ್ನ ತಲೆ ಮೇಲೆ ತಾನೇ ಬೀಳೋದು, ನಿಂಗ್ಯಾಕೆ ನೆಗಡಿ?” ಎಂದು ಟಾರ್ಚು ಹಿಡಿದು ಚಕ್ರ ನೋಡುತ್ತಿದ್ದ. ಅವನು ಕೊಟ್ಟ ಚೀಟಿ ತಪ್ಪಾಯಿತು ಎಂದು ಯಾರೂ ಇವತ್ತಿನವರೆಗೆ ಮರಳಿ ಬಂದಿಲ್ಲ. ಈ ಹೆಮ್ಮೆ ಅವನಿಗೆ ಇತ್ತು. ಇರಲಿ ಪಾಪ, ಇನ್ನೇನಿತ್ತು ಅವನಿಗೆ? ಆದರೆ ಹೊರಗಿನ ಹೆಮ್ಮೆಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲಿ ಬಿಟ್ಟು ಮನೆಯೊಳಗೆ ಬರುವ ಗಂಡಸರು ಕಡಿಮೆ.

ಅವನು ಅಣ್ಣನಾದ್ದರಿಂದ ಅವನ ಹೆಂಡತಿ ಎಲ್ಲರಿಗೂ ಅತ್ತಿಗೆ. ಮಾತು ಕಡಿಮೆ, ಕೈ ಚುರುಕು. ಮನೆಯಲ್ಲಿ ಮಗ, ಸೊಸೆ, ಇಬ್ಬರು ಪುಟ್ಟ ಮೊಮ್ಮಕ್ಕಳು. ಬೆಳಿಗ್ಗೆ ಎಂದರೆ ಆ ಮನೆಯಲ್ಲಿ ಸಂತೆ. ಮಗ ಬಣ್ಣದ ಅಂಗಡಿಗೆ ಓಡಬೇಕು, ಸೊಸೆ ಬಟ್ಟೆ ಅಂಗಡಿಗೆ ಓಡಬೇಕು, ಮಕ್ಕಳು ಶಾಲೆಗೆ. ಬ್ರೆಡ್ಡಿನ ಅಂಚು ತಟ್ಟೆಯಲ್ಲಿ, ಅರ್ಧ ಲೋಟ ಹಾಲು ಕಿಟಕಿಯ ಮೇಲೆ, ಕಚ್ಚಿದ ಬಾಳೆಹಣ್ಣು ಕುರ್ಚಿಯ ಕೆಳಗೆ. ಎಲ್ಲರೂ ಹೋದ ಮೇಲೆ ಮನೆ ಕ್ಷಣದಲ್ಲಿ ಕನ್ನಡಿಯಾಗಿಬಿಡುತ್ತಿತ್ತು. ಅತ್ತಿಗೆಯ ಕಸದ ಬುಟ್ಟಿಯಲ್ಲಿ ಸಿಪ್ಪೆ ಮತ್ತು ಮೊಟ್ಟೆಯ ಓಡು ಬಿಟ್ಟರೆ ಬೇರೇನೂ ಬೀಳುತ್ತಿರಲಿಲ್ಲ. “ನಮ್ಮನೇಲಿ ಒಂದು ಅಗುಳೂ ಹಾಳಾಗಲ್ಲ ಕಣ್ರಯ್ಯಾ” ಎಂದು ತೂಕದಣ್ಣ ಡ್ರೈವರುಗಳ ಮುಂದೆ ಹೇಳಿಕೊಳ್ಳುತ್ತಿದ್ದ. ಹಾಳಾಗದ ಆ ಅಗುಳು ಎಲ್ಲಿಗೆ ಹೋಗುತ್ತದೆ ಎಂದು ಅವನು ಕೇಳಿದವನಲ್ಲ.

ಒಡೆದ ಬಟ್ಟಲಿನ ಚೂರು ಅತ್ತಿಗೆಯ ಹಿಮ್ಮಡಿಗೆ ಚುಚ್ಚಿದ್ದೇ ಎಲ್ಲಕ್ಕೂ ಮೊದಲು. ಗಾಯ ಅಷ್ಟೇನೂ ದೊಡ್ಡದಲ್ಲ, ಆದರೆ ಮಾಯಲು ಒಲ್ಲೆ ಎಂದಿತು. ಅರಿಸಿನ ಹಚ್ಚಿದ್ದಾಯಿತು, ಮುಲಾಮು ಹಚ್ಚಿದ್ದಾಯಿತು. ಜೊತೆಗೆ ಬಾಯಾರಿಕೆ, ಕೊಡದ ಪಕ್ಕದಲ್ಲೇ ಮಲಗಬೇಕೇನೋ ಎನ್ನುವಷ್ಟು ಬಾಯಾರಿಕೆ. ಕೊನೆಗೆ ಸೊಸೆಯೇ ಹಟ ಹಿಡಿದು ಆಸ್ಪತ್ರೆಗೆ ಕಳಿಸಿದಳು. ಡಾಕ್ಟರಮ್ಮ ರಕ್ತದ ವರದಿ ನೋಡಿ, ಕನ್ನಡಕ ತೆಗೆದು, “ಸಕ್ಕರೆ ಕಾಯಿಲೆ ಅಮ್ಮ. ಬಂದು ಬಹಳ ದಿನ ಆಗಿರ್ಬೇಕು, ಈಗ ಗೊತ್ತಾಗಿದೆ” ಎಂದಳು. ಅತ್ತಿಗೆ ಕಾಲಿನ ಕಟ್ಟನ್ನೇ ನೋಡುತ್ತ ಕೂತಳು. ಮುಖ ಬಿಳಿಚಿಕೊಂಡದ್ದು ತೂಕದಣ್ಣನದು. ಅವನ ಅಮ್ಮನಿಗೂ ಇದೇ ಕಾಯಿಲೆ; ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಅಮ್ಮನೇ ಹೋದಳು. ಅತ್ತಿಗೆಯ ಹಿಮ್ಮಡಿಯ ಬಿಳಿ ಬಟ್ಟೆ ಕಂಡಾಗಲೆಲ್ಲ ಅವನಿಗೆ ಅಮ್ಮನ ಕಾಲೇ ಕಾಣುತ್ತಿತ್ತು. ಅವನು ಮುಂದೆ ಮಾಡಿದ್ದೆಲ್ಲ ಈ ಹೆದರಿಕೆಯಿಂದಲೇ ಮಾಡಿದ್ದು. ಅದನ್ನು ಮರೆತು ಅವನನ್ನು ಬೈಯುವುದು ಸುಲಭ.

“ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಬೇಳೆ ಇಲ್ಲಾ ಮೊಟ್ಟೆ, ಅನ್ನ ಒಂದು ಹಿಡಿ” ಎಂದಳು ಡಾಕ್ಟರಮ್ಮ.

“ಹಿಡಿ ಅಂದ್ರೆ ಯಾರ ಹಿಡಿ ಡಾಕ್ಟ್ರೇ? ನಂದಾ, ಅವಳದ್ದಾ?”

ಡಾಕ್ಟರಮ್ಮ ನಕ್ಕಳು. ತೂಕದಣ್ಣ ನಗಲಿಲ್ಲ. “ಗ್ರಾಮಲ್ಲಿ ಹೇಳಿ” ಎಂದ. ಹೇಳಿಸಿಕೊಂಡೇ ಎದ್ದ. ಮನೆಗೆ ಹೋಗುವ ದಾರಿಯಲ್ಲೇ ಒಂದು ಪುಟ್ಟ ತಕ್ಕಡಿ ಕೊಂಡ. ಮೇಲೆ ತಟ್ಟೆ ಇಟ್ಟರೆ ಕೆಳಗೆ ಕೆಂಪು ಅಂಕಿ ಮೂಡುವಂಥದ್ದು. ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನು ನೋಡಿ ಅತ್ತಿಗೆ, “ಇದೇನ್ರೀ ಇದು, ಚಿನ್ನದಂಗಡಿ ಇಡ್ತೀರಾ?” ಎಂದಳು. ಆ ಮನೆಯಲ್ಲಿ ಅವಳು ಮಾಡಿದ ಕೊನೆಯ ತಮಾಷೆ ಬಹುಶಃ ಅದೇ.

ಅಂದಿನಿಂದ ಬೆಳಿಗ್ಗೆ ಮತ್ತು ರಾತ್ರಿ ತೂಕದಣ್ಣ ತಾನೇ ನಿಂತು ಅವಳ ತಟ್ಟೆ ತೂಗತೊಡಗಿದ. ಬ್ರೆಡ್ಡಿನ ಚೂರು ಹೆಚ್ಚಾದರೆ ಚಾಕುವಿನಲ್ಲಿ ಸೀಳಿ ತೆಗೆಯುವನು. ಅನ್ನ ಕಡಿಮೆಯಾದರೆ ಚಮಚದ ತುದಿಯಲ್ಲಿ ಸೇರಿಸುವನು. ಮಧ್ಯಾಹ್ನದ್ದನ್ನು ತೂಗಿ ಡಬ್ಬಿಯಲ್ಲಿ ಮುಚ್ಚಿಟ್ಟು ಹೋಗುವನು. ಅತ್ತಿಗೆ ತನ್ನ ಬಾಳಿನಲ್ಲಿ ಮೊದಲ ಸಲ ಎಲ್ಲರ ಜೊತೆ ಮೇಜಿಗೆ ಕೂತು ಉಣ್ಣುವಂತಾಯಿತು. ಅಲ್ಲಿಯವರೆಗೆ ಎಲ್ಲರದೂ ಆದ ಮೇಲೆ ಅವಳದು. ಈಗ ಗಂಡ ಎದುರು ಕೂತು, ಅವಳು ಕೊನೆಯ ತುತ್ತು ನುಂಗುವವರೆಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿ, “ಆಯ್ತು” ಎಂದು ಎದ್ದು ಕೈ ತೊಳೆಯುತ್ತಿದ್ದ. ಅವನು ಎದ್ದನೆಂದರೆ ಊಟ ಮುಗಿಯಿತು. ಹಾಗೆಂದು ಅವನು ತಿಳಿದಿದ್ದ.

ಆದರೆ ಸಕ್ಕರೆ ಇಳಿಯಲಿಲ್ಲ. ಮೊದಲ ಸಲ ಆಸ್ಪತ್ರೆಗೆ ಹೋದಾಗ ಇಳಿಯಲಿಲ್ಲ, ಎರಡನೇ ಸಲವೂ ಇಳಿಯಲಿಲ್ಲ. ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು.

“ನಾನು ಹೇಳಿದ್ದು ಬಿಟ್ಟು ಬೇರೆ ಏನಾದ್ರೂ ತಿಂತೀರಾ ಅಮ್ಮ?”

“ಇಲ್ಲ” ಎಂದಳು ಅತ್ತಿಗೆ.

“ನಾನೇ ತೂಗಿ ಹಾಕ್ತೀನಿ ಡಾಕ್ಟ್ರೇ. ನನ್ನ ತೂಕ ತಪ್ಪಲ್ಲ” ಎಂದ ತೂಕದಣ್ಣ. ಆ ದನಿ ಕೇಳಿದರೆ ಯಾರಾದರೂ ನಂಬಬೇಕು. ಡಾಕ್ಟರಮ್ಮನೂ ನಂಬಿ ಮಾತ್ರೆ ಹೆಚ್ಚಿಸಿದಳು. ಮುಂದಿನ ಸಲ ಇನ್ನೂ ಹೆಚ್ಚಿಸಿ, “ಇದು ಜೋರು ಮಾತ್ರೆ. ಊಟ ತಪ್ಪಿಸ್ಬೇಡಿ. ಕೈ ನಡುಗಿದ್ರೆ, ಮೈ ಬೆವರಿದ್ರೆ ಸಕ್ಕರೆ ತೀರಾ ಇಳಿದಿದೆ ಅಂತರ್ಥ, ತಕ್ಷಣ ಒಂದೆರಡು ಚಮಚ ಸಕ್ಕರೆ ಬಾಯಿಗೆ ಹಾಕ್ಕೊಳ್ಳಿ” ಎಂದಳು. ಅತ್ತಿಗೆ ಸುಮ್ಮನೆ ತಲೆಯಾಡಿಸಿದಳು. ತೂಕದಣ್ಣ ಮನಸ್ಸಿನಲ್ಲೇ, ಏರಿದ್ದೇ ಇಳಿಯುತ್ತಿಲ್ಲ, ಇನ್ನು ತೀರಾ ಇಳಿಯುವ ಮಾತೆಲ್ಲಿ ಬಂತು, ಎಂದುಕೊಂಡ.

ತೂಕ ಸರಿ ಇದ್ದು ಲೆಕ್ಕ ತಪ್ಪಿದರೆ ಅದಕ್ಕೆ ಒಂದೇ ಕಾರಣ: ಯಾರೋ ಮೋಸ ಮಾಡುತ್ತಿದ್ದಾರೆ. ಅವನ ವೃತ್ತಿ ಅವನಿಗೆ ಕಲಿಸಿದ್ದು ಇದೇ. ಹಾಗಾಗಿ ಅವನು ಹೆಂಡತಿಯನ್ನು ಕಾಯತೊಡಗಿದ. ಸಕ್ಕರೆ ಡಬ್ಬಿಯ ಒಳಗೆ ಬೆರಳಿಟ್ಟು ಮಟ್ಟ ನೋಡಿದ. ಜಾಮಿನ ಬಾಟಲಿಯನ್ನು ತೂಗಿ ನೋಡಿದ. ಒಂದು ಸಂಜೆ ಅವಳು ಹಿತ್ತಲಿನಿಂದ ಬಾಯೊರೆಸಿಕೊಂಡು ಒಳಗೆ ಬಂದದ್ದನ್ನು ಕಂಡು, ಸೊಸೆ ಮಕ್ಕಳೆಲ್ಲ ಇದ್ದಾಗಲೇ, ಕೇಳಬಾರದ್ದನ್ನು ಕೇಳಿಬಿಟ್ಟ.

“ಏನು ತಿಂದೆ?”

“ನೀರು ಕುಡ್ದೆ.”

“ಬಾಯಿ ತೆಗಿ ನೋಡೋಣ.”

ಅತ್ತಿಗೆ ಬಾಯಿ ತೆಗೆಯಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು. “ಕದ್ದು ತಿನ್ನೋ ಕಳ್ಳಿ ಅಂದ್ಕೊಂಡ್ರಾ ನನ್ನ? ಈ ಮನೆಗೆ ಬಂದಾಗಿಂದ ನಿಮ್ಮೆಲ್ಲರ ಹೊಟ್ಟೆ ತುಂಬದೆ ನಾನು ಒಂದು ತುತ್ತು ಬಾಯಿಗಿಟ್ಟಿದ್ದೀನಾ?”

“ಮತ್ತೆ ಸಕ್ಕರೆ ಏನು ಆಕಾಶದಿಂದ ಉದುರ್ತಾ?” ಎಂದ ಅವನು. ಬಾಣ ಬಿಟ್ಟಾಗಿತ್ತು. ಸೊಸೆ ಮಕ್ಕಳನ್ನು ಕರೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ತೂಕದಣ್ಣ ಸಕ್ಕರೆ, ಜಾಮು, ಬಿಸ್ಕತ್ತು, ಮಕ್ಕಳ ಹಣ್ಣಿನ ರಸದ ಬಾಟಲಿ, ಎಲ್ಲವನ್ನೂ ನಡುಮನೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ. ಕೀಲಿಯನ್ನು ವೇಬ್ರಿಜ್ಜಿನ ಕೀಲಿಗಳ ಗೊಂಚಲಿಗೆ ಸೇರಿಸಿಕೊಂಡ. ಹಾಲು ಬೇಕಾದಷ್ಟೇ ತರಿಸಿದ. ಅತ್ತಿಗೆಯ ತಟ್ಟೆಯ ಅನ್ನವನ್ನೂ ಒಂದಿಷ್ಟು ಇಳಿಸಿದ. ಅವಳು ಒಂದು ಮಾತೂ ಆಡಲಿಲ್ಲ. ಆ ಮೌನ ತಪ್ಪೊಪ್ಪಿಗೆ ಎಂದು ಅವನಿಗೆ ಅನ್ನಿಸಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಮೊಲ ಸುಮ್ಮನೆ ಕೂತರೂ ಸಾಕ್ಷಿಯೇ.

ಅಷ್ಟರಲ್ಲಿ ಶಾಲೆಗೆ ರಜೆ ಬಂತು. ಸೊಸೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟಳು. ಮಗನೂ ಅವರ ಜೊತೆ ಹೋದ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ತೂಕದಣ್ಣನಿಗೆ ಇದು ಒಳ್ಳೆಯದೇ ಎನ್ನಿಸಿತು. ಇಬ್ಬರಿಗೆ ಅಳತೆಯಾಗಿ ಅಕ್ಕಿ ತಾನೇ ಹಾಕಿಕೊಟ್ಟ, ಇಬ್ಬರಿಗೆ ಬೇಕಾದಷ್ಟೇ ಬ್ರೆಡ್ಡು ತಂದ. ಪಾತ್ರೆ ತಳ ಕಾಣುತ್ತಿತ್ತು. ಮಕ್ಕಳ ತಟ್ಟೆಗಳು ಗೂಡಿನಲ್ಲಿ ಮಗುಚಿ ಕೂತಿದ್ದವು. ಮನೆ ಭಣಗುಟ್ಟಿತು.

ಮೊದಲ ಒಂದೆರಡು ದಿನ ಅತ್ತಿಗೆ ಮಂಕಾಗಿದ್ದಳು. ಮಕ್ಕಳಿಲ್ಲದ ಬೇಸರ ಎಂದುಕೊಂಡ. ಆಮೇಲೊಂದು ಬೆಳಿಗ್ಗೆ ಅವಳು ಮೇಜಿನ ಅಂಚು ಹಿಡಿದು ನಿಂತು, “ಯಾಕೋ ಮೈಯೆಲ್ಲ ಬೆವರ್ತಿದೆ ರೀ. ಒಳಗೊಳಗೇ ನಡುಕ” ಎಂದಳು.

“ಸೆಕೆ” ಎಂದ ಅವನು. ಬ್ರೆಡ್ಡು ತೂಗಿ ಕೊಟ್ಟ, ಮಾತ್ರೆ ಕೊಟ್ಟ, ಅವಳು ನುಂಗಿದ್ದನ್ನು ನೋಡಿದ. ಕೀಲಿಗೊಂಚಲು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದ. ಆ ಒಂದು ಮಾತು, ಸೆಕೆ ಎಂದದ್ದು, ಈಗಲೂ ಅವನಿಗೆ ಯಾವ ಯಾವಾಗಲೋ ಕೇಳಿಸುತ್ತದೆ.

ಎಂದೂ ಮಧ್ಯಾಹ್ನ ಬಾರದವನು, ಅವಳು ಒಬ್ಬಳೇ ಎಂದು ಅಂದು ಊಟಕ್ಕೆ ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಅತ್ತಿಗೆ ನಡುಮನೆಯಲ್ಲಿ ಬೀರುವಿನ ಮುಂದೆ ಬಿದ್ದಿದ್ದಳು. ಕೈಯ ಹತ್ತಿರ ತರಕಾರಿ ಹೆಚ್ಚುವ ಚಾಕು, ತುದಿ ಬಾಗಿತ್ತು. ಬೀಗದ ಸುತ್ತ ಬಣ್ಣ ಕಿತ್ತು ಕಬ್ಬಿಣ ಕಾಣುತ್ತಿತ್ತು. ಅದನ್ನು ಕಂಡ ಕೂಡಲೇ ಅವನಿಗೆ ಬಂದ ಮೊದಲ ಯೋಚನೆ, ಕೊನೆಗೂ ಸಿಕ್ಕಿಬಿದ್ದಳು, ಎಂಬುದು. ಮನುಷ್ಯನ ಮನಸ್ಸು ಎಷ್ಟು ಕೆಟ್ಟದ್ದು ನೋಡಿ. ಎರಡನೆಯ ಯೋಚನೆಗೆ ಓಡಿ ಹೋಗಿ ಅವಳ ಭುಜ ಹಿಡಿದು ಅಲುಗಿಸಿದ. ಅವಳ ಕುಪ್ಪಸ ನೀರಲ್ಲಿ ಅದ್ದಿ ತೆಗೆದಂತೆ ಒದ್ದೆ. ಗೊರಕೆಯಂಥ ಉಸಿರು. ಎಷ್ಟು ಕರೆದರೂ ಕಣ್ಣು ಬಿಡಲಿಲ್ಲ. ಎದುರುಮನೆಯವರ ಕಾರಿನ ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಆಸ್ಪತ್ರೆಗೆ ಹೋದ. ಜೇಬಿನ ಕೀಲಿಗೊಂಚಲು ದಾರಿಯುದ್ದಕ್ಕೂ ಅವಳ ಕೆನ್ನೆಗೆ ಒತ್ತುತ್ತಿತ್ತು. ಅದನ್ನು ತೆಗೆಯಬೇಕೆಂದು ಅವನಿಗೆ ಹೊಳೆಯಲಿಲ್ಲ.

“ಸಕ್ಕರೆ ತಳ ಮುಟ್ಟಿದೆ” ಎಂದಳು ಡಾಕ್ಟರಮ್ಮ, ರಕ್ತನಾಳಕ್ಕೆ ಸೂಜಿ ಚುಚ್ಚುತ್ತ.

“ತಳಾನಾ? ಏರಿದ್ದಲ್ವಾ?”

“ಏರಿಲ್ಲ ಯಜಮಾನ್ರೇ, ಇಳಿದಿದೆ. ಸ್ವಲ್ಪ ತಡವಾಗಿದ್ರೆ ನಾನೂ ಏನೂ ಮಾಡೋ ಹಾಗಿರ್ಲಿಲ್ಲ. ಸಕ್ಕರೆ ಕೊಡ್ಲಿಲ್ವಾ ನೀವು?”

ತೂಕದಣ್ಣ ಜೇಬಿನ ಕೀಲಿಗೊಂಚಲು ಹೊರಗೆ ತೆಗೆದು ನೋಡಿದ.

ಸಂಜೆ ಹೊತ್ತಿಗೆ ಮಗ ಸೊಸೆ ಮಕ್ಕಳನ್ನು ಕರೆದುಕೊಂಡು ಓಡಿ ಬಂದರು. ಅತ್ತಿಗೆ ಇನ್ನೂ ಮಂಪರಿನಲ್ಲಿದ್ದಳು. ಡಾಕ್ಟರಮ್ಮನಿಗೆ ಮಾತ್ರ ಲೆಕ್ಕ ಹತ್ತುತ್ತಿರಲಿಲ್ಲ. ಮಾತ್ರೆ ಅದೇ, ಊಟ ಒಂದು ತುತ್ತು ಕಡಿಮೆ ಅಷ್ಟೇ. ಅಷ್ಟಕ್ಕೇ ಇಷ್ಟು ಇಳಿಯುತ್ತದೆಯೇ? ಈ ವಾರ ಮನೆಯಲ್ಲಿ ಏನು ಬದಲಾಯಿತು ಎಂದು ಮತ್ತೆ ಮತ್ತೆ ಕೇಳಿದಳು.

“ಏನೂ ಇಲ್ಲ. ಮಕ್ಕಳು ಇರ್ಲಿಲ್ಲ, ಅಷ್ಟೇ” ಎಂದ ತೂಕದಣ್ಣ.

ಅಷ್ಟರಲ್ಲಿ ಸೊಸೆ ಬಾಯಿಗೆ ಕೈ ಹಚ್ಚಿಕೊಂಡಳು. “ಮಾವ... ಮಕ್ಕಳು ಬಿಟ್ಟಿದ್ದು.”

“ಏನು ಬಿಟ್ಟಿದ್ದು?”

“ತಟ್ಟೇಲಿ ಬಿಟ್ಟಿದ್ದು. ಬ್ರೆಡ್ಡು, ಆಲೂಗಡ್ಡೆ, ಸಕ್ಕರೆ ಹಾಕಿದ ಹಾಲು. ಪಾತ್ರೆ ತಳದ ಅನ್ನ. ನೀವು ಎದ್ದು ಹೋದ್ಮೇಲೆ ಅತ್ತೆ ನಿಂತ್ಕೊಂಡೇ ಅದನ್ನೆಲ್ಲ ಬಾಯಿಗೆ ಹಾಕ್ಕೊಂಡು ತಟ್ಟೆ ತೊಳೀತಾರೆ. ನಾನು ಈ ಮನೆಗೆ ಬಂದಾಗಿಂದ ನೋಡಿದ್ದೀನಿ. ಅದು... ಅದು ಪಾತ್ರೆ ತೊಳೆಯೋ ಕೆಲಸ ಅಂತಲೇ ಅನ್ಕೊಂಡಿದ್ದೆ. ಹೇಳ್ಬೇಕು ಅಂತ ಹೊಳೀಲೇ ಇಲ್ಲ.” ಹೇಳುತ್ತಾ ಹೇಳುತ್ತಾ ಅವಳು ಅತ್ತುಬಿಟ್ಟಳು.

ಡಾಕ್ಟರಮ್ಮ ಹಳೆಯ ವರದಿಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಆಮೇಲೆ, “ಆ ಊಟಕ್ಕೆ ನಾನು ಮಾತ್ರೆ ಏರಿಸ್ತಾ ಹೋದೆ. ಈಗ ಆ ಊಟ ನಿಂತುಹೋಯ್ತು, ಮಾತ್ರೆ ಹಾಗೇ ಉಳೀತು” ಎಂದಳು. “ನನ್ನದೂ ತಪ್ಪಿದೆ. ಏನು ತಿಂತೀರಿ ಅಂತ ಕೇಳ್ದೆ. ಉಳಿದಿದ್ದು ಏನಾಗತ್ತೆ ಅಂತ ಕೇಳ್ಲಿಲ್ಲ.”

ತೂಕದಣ್ಣ ಆಸ್ಪತ್ರೆಯ ಮೊಗಸಾಲೆಯಲ್ಲಿ ಬೆಂಚಿನ ಮೇಲೆ ಕೂತ. ಸಾವಿರಾರು ಲಾರಿಗಳಿಗೆ ಸುತ್ತು ಹಾಕಿದ ಕಾಲುಗಳವು. ಸ್ವಂತ ಅಡುಗೆಮನೆಗೆ ಒಮ್ಮೆಯೂ ಸುತ್ತು ಹಾಕಿರಲಿಲ್ಲ. ಒಂದು ಚಕ್ರ ಇಷ್ಟು ವರ್ಷವೂ ಹಾಸಿನಾಚೆಯೇ ನಿಂತಿತ್ತು. ಅದನ್ನು ಅಲ್ಲಿ ನಿಲ್ಲಿಸಿದವಳಿಗೂ ಅದು ಚಕ್ರವೆಂದು ಗೊತ್ತಿರಲಿಲ್ಲ.

ಅತ್ತಿಗೆಗೆ ಪೂರ್ತಿ ಎಚ್ಚರವಾದದ್ದು ಮರುದಿನ. ಸಕ್ಕರೆ ಅಷ್ಟು ಹೊತ್ತು ಇಳಿದಿದ್ದ ಹೊಡೆತಕ್ಕೆ ಬಲಗೈ ಸರಿಯಾಗಿ ಹಿಡಿತಕ್ಕೆ ಬರುತ್ತಿರಲಿಲ್ಲ. ಮಾತು ತಡೆದು ತಡೆದು ಬರುತ್ತಿತ್ತು. ಅವನು ಮಂಚದ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡ. ಮದುವೆಯಾದ ಹೊಸತರಲ್ಲಿ ಬಿಟ್ಟರೆ ನಾಲ್ಕು ಜನರೆದುರು ಆ ಕೈ ಹಿಡಿದದ್ದು ಅವನಿಗೆ ನೆನಪಿಲ್ಲ.

“ಯಾಕೆ ಹೇಳ್ಲಿಲ್ಲ ನೀನು, ಮಕ್ಕಳು ಬಿಟ್ಟಿದ್ದನ್ನ ತಿಂತೀನಿ ಅಂತ?”

ಅತ್ತಿಗೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಅದು ಊಟಾನಾ?” ಎಂದಳು. ನಿಜವಾಗಿಯೂ ತಿಳಿಯದೆ ಕೇಳಿದ್ದು. “ಚೆಲ್ಲಬಾರ್ದು ಅಂತ ಬಾಯಿಗೆ ಹಾಕ್ಕೊಂಡಿದ್ದು. ಅದನ್ನ ಯಾರಾದ್ರೂ ಉಂಡೆ ಅಂತಾರಾ?”

ಅವನು ಅವಳ ಕೈ ಮೇಲೆ ಹಣೆಯಿಟ್ಟು ಅತ್ತ. ತಪ್ಪಾಯಿತು ಎಂದ, ಒಮ್ಮೆಯಲ್ಲ, ಮತ್ತೆ ಮತ್ತೆ ಎಂದ. ಅವಳು ಕೈ ಎಳೆದುಕೊಳ್ಳಲಿಲ್ಲ. ಆದರೆ ಆಚೆ ಗೋಡೆಯ ಕಡೆ ತಿರುಗಿ, ತಡೆತಡೆದು ಒಂದೊಂದೇ ಪದ ಹುಡುಕಿ ಹೇಳಿದಳು: “ಬೀಗ ತೆಗೀಲಿಕ್ಕೆ... ಆಗ್ಲಿಲ್ಲ. ಆವಾಗ್ಲೂ ನಂಗೆ ಅನ್ಸಿದ್ದು... ಚಾಕು ಗುರುತು ನೋಡಿ... ನೀವು ಕಳ್ಳಿ ಅಂತೀರಲ್ಲಾ ಅಂತ.”

ಅವನು ಹಾಗೆ ಅಂದುಕೊಂಡಿದ್ದು ನಿಜವಾಗಿತ್ತು.

ಮನೆಗೆ ಬಂದ ದಿನವೇ ಅವನು ಬೀರುವಿನ ಬೀಗ ಕಿತ್ತು ಹಾಕಿದ. ಸಕ್ಕರೆ ಡಬ್ಬಿಯನ್ನು ಮುಚ್ಚಳ ಕೂಡ ಬಿಗಿಯದೆ ಮೇಜಿನ ನಡುವೆ ಇಟ್ಟ. ಮಾತ್ರೆ ಕಡಿಮೆಯಾಗಿತ್ತು. ಡಾಕ್ಟರಮ್ಮ ಈ ಸಲ ಎಲ್ಲರನ್ನೂ ಕೂರಿಸಿಕೊಂಡು ಹೇಳಿ ಕಳಿಸಿದ್ದಳು: ತಟ್ಟೆಯಲ್ಲಿ ಹಾಕಿಕೊಂಡದ್ದು ಮಾತ್ರ ಊಟ, ಉಳಿದದ್ದು ಯಾರ ಬಾಯಿಗೂ ಬೇಡ. ತೂಕದಣ್ಣ ತಕ್ಕಡಿಯನ್ನು ಅಟ್ಟಕ್ಕೆ ಹಾಕಲು ಎತ್ತಿಕೊಂಡ.

“ಅಲ್ಲೇ ಇರ್ಲಿ” ಎಂದಳು ಅತ್ತಿಗೆ.

ಅಂದು ರಾತ್ರಿ ಊಟವಾಯಿತು. ಮಕ್ಕಳು ಎಂದಿನಂತೆ ಅರ್ಧ ತಿಂದು ಅರ್ಧ ಬಿಟ್ಟು ಎದ್ದರು. ಸೊಸೆ ತಟ್ಟೆ ತೆಗೆಯಲು ಹೋದರೆ ಅತ್ತಿಗೆ ಬೇಡವೆಂದು ಕೈಸನ್ನೆ ಮಾಡಿದಳು. ಮಕ್ಕಳ ತಟ್ಟೆಯ ಬ್ರೆಡ್ಡಿನ ಅಂಚು, ಆಲೂಗಡ್ಡೆಯ ಚೂರು, ಮಗ ಬಿಟ್ಟ ಅನ್ನ, ಪಾತ್ರೆಯ ತಳದ್ದು, ಎಲ್ಲವನ್ನೂ ಎಡಗೈಯಿಂದ ನಿಧಾನವಾಗಿ ಒಂದು ಬಟ್ಟಲಿಗೆ ಬಳಿದಳು. ಬಟ್ಟಲನ್ನು ತಂದು ಗಂಡನ ಮುಂದೆ ತಕ್ಕಡಿಯ ಮೇಲೆ ಇಟ್ಟಳು.

“ನೋಡಿ.”

ಅವನು ನೋಡಿದ. ಅವಳ ತಟ್ಟೆಗೆ ತಾನು ಚಮಚದ ತುದಿಯಲ್ಲಿ ಅಳೆದು ಅಳೆದು ಹಾಕುತ್ತಿದ್ದುದಕ್ಕಿಂತ ಹೆಚ್ಚಿತ್ತು.

“ಜೋರಾಗಿ ಹೇಳಿ.”

ಅವನು ಹೇಳಿದ. ಮಗ, ಸೊಸೆ ತಲೆ ತಗ್ಗಿಸಿದರು. ಅತ್ತಿಗೆ ಬಟ್ಟಲು ಎತ್ತಿಕೊಂಡು ಹೋಗಿ ಕಸದ ಬುಟ್ಟಿಗೆ ಸುರಿದಳು. ಆ ಮನೆಯಲ್ಲಿ ಅನ್ನ ಬುಟ್ಟಿಗೆ ಬೀಳುವ ಸದ್ದು ಯಾರೂ ಕೇಳಿರಲಿಲ್ಲ. ಸುರಿಯುವಾಗ ಅವಳ ಮುಖ ಹಿಂಡಿಹೋಯಿತು, ಹೊಟ್ಟೆಯೊಳಗಿನದನ್ನೇ ಯಾರೋ ಕಿತ್ತುಕೊಂಡ ಹಾಗೆ. ಖಾಲಿ ಬಟ್ಟಲನ್ನು ತಂದು ಮತ್ತೆ ತಕ್ಕಡಿಯ ಮೇಲಿಟ್ಟಳು. ತುಂಬಿದ್ದರ ತೂಕ, ಖಾಲಿಯ ತೂಕ.

“ಇದನ್ನ ನಾನು ತಿಂದಿಲ್ಲ. ನೀವೇ ಸಾಕ್ಷಿ.”

ಮರುದಿನವೂ ಹಾಗೆಯೇ. ಅದರ ಮರುದಿನವೂ. “ಬೇಡ ಕಣೇ, ನಿನ್ನ ದಮ್ಮಯ್ಯ. ನಾನು ನಂಬ್ತೀನಿ” ಎಂದು ಅವನು ಒಮ್ಮೆ ಕೈಮುಗಿದ.

“ನಂಬೋದು ಬೇಡ” ಎಂದಳು ಅವಳು. “ತೂಕ ಮಾಡಿ.”

ಈಗ ಅತ್ತಿಗೆಯ ಸಕ್ಕರೆ ಹತೋಟಿಗೆ ಬಂದಿದೆ. ಹಿಮ್ಮಡಿಯ ಗಾಯ ಒಣಗಿದೆ. ಡಾಕ್ಟರಮ್ಮ ಬಹಳ ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದು ಮನೆಯವರನ್ನು ಹೊಗಳುತ್ತಾಳೆ. ವೇಬ್ರಿಜ್ಜಿನಲ್ಲಿ ತೂಕದಣ್ಣ ಈಗಲೂ ಪ್ರತಿ ಲಾರಿಗೆ ಸುತ್ತು ಹಾಕುತ್ತಾನೆ. “ನಿನ್ನ ತೂಕ ತಪ್ಪಲ್ಲ ಬಿಡಣ್ಣ” ಎಂದು ಯಾರಾದರೂ ಅಂದರೆ ಮಾತ್ರ ಮುಖ ಬೇರೆ ಕಡೆ ತಿರುಗಿಸಿ ಚೀಟಿ ಹರಿಯುತ್ತಾನೆ. ಮನೆಯಲ್ಲಿ ಊಟ ಮುಗಿದು ಎಲ್ಲರೂ ಎದ್ದ ಮೇಲೂ ಅವನು ಏಳುವುದಿಲ್ಲ. ಕೈ ಒಣಗಿದರೂ ಮೇಜಿನ ಮುಂದೆ ಕೂತಿರುತ್ತಾನೆ. ಒಳಗೆ ತಟ್ಟೆ ಬಳಿಯುವ ಸದ್ದು ಕೇಳುತ್ತದೆ, ಆಮೇಲೆ ಅವಳ ಹೆಜ್ಜೆ. ಬಟ್ಟಲು ತಕ್ಕಡಿಯ ಮೇಲೆ ಕೂರುತ್ತದೆ. ತೂಕದಣ್ಣ ಕನ್ನಡಕ ಹಾಕಿಕೊಂಡು ಅಂಕಿಯನ್ನು ಜೋರಾಗಿ ಓದುತ್ತಾನೆ.